ಕೌಂಟರ್ ಬಂದ ಮೇಲೆ ಯೋಚನೆ

ದರ್ಶಿನಿ ಸಾಲಿನಲ್ಲಿ ಕಾಲು ಗಂಟೆ ನಿಂತು, ಕೌಂಟರ್ ಹತ್ತಿರ ಬಂದ ಮೇಲೆ "ಏನೇನಿದೆ?" ಅಂತ ಕೇಳುವವರನ್ನು ಏನು ಮಾಡಬೇಕು ಹೇಳಿ. ಎದುರಿಗೇ ಬೋರ್ಡು. ಅಷ್ಟು ಹೊತ್ತೂ ಅದರ ಕಡೆಗೇ ಮುಖ ಮಾಡಿ ನಿಂತಿರುತ್ತಾರೆ.

ಇವತ್ತು ಬೆಳಿಗ್ಗೆ ನನ್ನ ಮುಂದೆ ಅಂಥವರೇ ಒಬ್ಬರು. ಸಿಟ್ಟು ಇನ್ನೂ ಇಳಿದಿಲ್ಲ.

ಮಿದುಳು ಇಷ್ಟು ಸೋಮಾರಿ ಅಲ್ಲ ಕಣ್ರೀ. ಜರ್ಮನಿಯ ಕಾರ್ನ್‌ಹೂಬರ್ ಮತ್ತು ಡೀಕೆ ಅನ್ನುವ ವಿಜ್ಞಾನಿಗಳು ಜನರ ತಲೆಗೆ ತಂತಿ ಅಂಟಿಸಿ, ಬೇಕೆನಿಸಿದಾಗ ಬೆರಳು ಆಡಿಸಿ ಅಂದರು. ಬೆರಳು ಅಲುಗುವ ಸುಮಾರು ಒಂದು ಸೆಕೆಂಡ್ ಮೊದಲೇ ಮಿದುಳಿನ ವಿದ್ಯುತ್ತಿನಲ್ಲಿ ನಿಧಾನವಾಗಿ ಬದಲಾವಣೆ ಶುರುವಾಗಿರುತ್ತಿತ್ತು. 1965ರಲ್ಲೇ ಇದನ್ನು ಪ್ರಕಟಿಸಿದರು. ಬೆರಳು ಅಲ್ಲಾಡಿಸೋಕೆ ಇಷ್ಟು ತಯಾರಿ! ಇನ್ನು ಹಣೆಯ ಹಿಂದಿರುವ ಭಾಗವಂತೂ ಗುರಿಯನ್ನು ನೆನಪಿನಲ್ಲಿ ಹಿಡಿದಿಟ್ಟು, ಮೊದಲು ಯಾವುದು, ಆಮೇಲೆ ಯಾವುದು ಅಂತ ಜೋಡಿಸಿ, ನಡುವೆ ಮನಸ್ಸು ಅತ್ತಿತ್ತ ಹೋಗದಂತೆ ತಡೆಯುತ್ತದೆ. ನನ್ನ ಮುಂದಿದ್ದ ಇವರ ಹಣೆಯೇನೋ ಅಗಲವಾಗಿಯೇ ಇತ್ತು.

"ಖಾರಾಬಾತ್ ಬಿಸಿ ಇದೆಯಾ?"

"ಇದೆ."

"ಪೊಂಗಲ್?"

"ಖಾಲಿ."

"ಅಯ್ಯೋ, ಪೊಂಗಲ್ಲೇ ಬೇಕಿತ್ತು."

ಖಾಲಿ ಅಂತ ಗೊತ್ತಾದ ಮೇಲೇ ಬೇಕು ಅನಿಸಿದ್ದು, ಮುಖ ನೋಡಿದರೆ ತಿಳಿಯುತ್ತಿತ್ತು. ಆಮೇಲೆ ಹೆಂಡತಿಗೆ ಫೋನು, ಅದೂ ಸ್ಪೀಕರಿನಲ್ಲಿ. "ನಿಂಗೇನು ಕಟ್ಟಿಸ್ಲಿ?" ಆ ಕಡೆಯಿಂದ ಬಂದ ಉತ್ತರ ಇಡೀ ಸಾಲಿಗೇ ಕೇಳಿಸಿತು: "ತಿಂಡಿ ಆಗ್ಲೇ ಮಾಡಿದೀನಲ್ರೀ, ಹಾಲು ತನ್ನಿ ಅಂದಿದ್ದೆ!"

ಹಾಲು! ಮನೆ ಬಿಟ್ಟಾಗ ಗುರಿ ಹಾಲು. ದಾರಿಯಲ್ಲಿ ಸಾಂಬಾರ್ ವಾಸನೆ ಬಂತು, ಕಾಲು ಅಭ್ಯಾಸದಂತೆ ಒಳಗೆ ತಿರುಗಿತು, ಗುರಿ ಬೀದಿಯಲ್ಲೇ ಉಳಿಯಿತು. ಹಾಗಂತ ಸಾಲು ಬಿಟ್ಟರಾ? ಇಲ್ಲ. "ಎರಡು ಇಡ್ಲಿ, ಒಂದು ವಡೆ, ಸಾಂಬಾರಲ್ಲಿ ಅದ್ದಿ." ಇನ್ನು ದುಡ್ಡು ಕೊಡಬೇಕು. ಬಯ್ಗುಳ ಮುಗಿಯದೆ ಫೋನ್ ಕಟ್ ಮಾಡುವ ಹಾಗಿಲ್ಲ, ಕಟ್ ಮಾಡದೆ ಕ್ಯೂಆರ್ ಸ್ಕ್ಯಾನ್ ಮಾಡಲು ಅವರಿಗೆ ಬರುವುದಿಲ್ಲ. ನಾವೆಲ್ಲ ಸುಮ್ನೆ ನಿಂತು ಬಯ್ಗುಳ ಕೇಳಿದೆವು. ಆಕೆಯ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ನಾನು ಮೈಸೂರಿನಲ್ಲಿ ಓದುವಾಗ ಒಂದು ಸಣ್ಣ ಹೋಟೆಲಿನಲ್ಲಿ ವಯಸ್ಸಾದ ಸಪ್ಲೈಯರ್ ಒಬ್ಬರಿದ್ದರು. ಚೀಟಿ ಇಲ್ಲ, ಪೆನ್ನಿಲ್ಲ, ಎಲ್ಲ ಟೇಬಲ್ಲಿನ ಆರ್ಡರೂ ತಲೆಯಲ್ಲೇ. ನಾನು ಬಾಗಿಲಲ್ಲಿ ಕಾಣಿಸಿದರೆ ಸಾಕು, "ಒಂದು ಸೆಟ್" ಅನ್ನುವ ಕೂಗು ಅಡುಗೆಮನೆಗೆ ಹೋಗಿಬಿಟ್ಟಿರುತ್ತಿತ್ತು. ತಿಂಗಳ ಕೊನೆಯಾದರೆ ಏನೂ ಕೇಳದೆ ಬರೀ ಕಾಫಿ ತಂದಿಡುತ್ತಿದ್ದರು. ಆ ಹೋಟೆಲು ಈಗಿಲ್ಲ.

ಮೆಟ್ರೊ ಗೇಟಿಗೆ ಅಡ್ಡ ನಿಂತು ಬ್ಯಾಗಿನ ಒಂದೊಂದೇ ಜಿಪ್ ತೆಗೆದು ಕಾರ್ಡ್ ಹುಡುಕುವವರ ಬಗ್ಗೆಯೂ ಬರೆಯಬೇಕಿತ್ತು. ಇವತ್ತಿನ ಸಿಟ್ಟೆಲ್ಲ ಪೊಂಗಲ್‌ಗೇ ಖರ್ಚಾಯಿತು.