ವರ್ಷ ಬರೆಯದಿದ್ದರೆ ಜೆಲ್ಲಿಫಿನ್ ತಾನೇ ಏನು ಮಾಡೀತು?

ಜೆಲ್ಲಿಫಿನ್ (ನಮ್ಮ ಕಂಪ್ಯೂಟರಿನಲ್ಲಿರುವ ಸಿನಿಮಾ, ಹಾಡುಗಳನ್ನು ಪೋಸ್ಟರ್ ಸಮೇತ ಜೋಡಿಸಿ ಮನೆಯ ಟಿವಿ, ಫೋನುಗಳಲ್ಲಿ ತೋರಿಸುವ ಸಾಫ್ಟ್‌ವೇರ್) ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ. ಆದರೆ "ಎಲ್ಲ ಫೈಲುಗಳನ್ನೂ ಒಂದೇ ಫೋಲ್ಡರಿಗೆ ಸುರಿಯಿರಿ, ಉಳಿದದ್ದನ್ನು ಜೆಲ್ಲಿಫಿನ್ ನೋಡಿಕೊಳ್ಳುತ್ತದೆ" ಅಂದಿದ್ದೀರಲ್ಲ, ಅದನ್ನು ಒಪ್ಪುವುದು ಕಷ್ಟ. ಸುಮ್ನೆ "ಗಂಧದ ಗುಡಿ" ಅಂತ ಹೆಸರಿಟ್ಟರೆ ಅದು 1973ರ ರಾಜ್‌ಕುಮಾರ್ ಚಿತ್ರವೋ, 2022ರ ಪುನೀತ್ ಅವರ ಸಾಕ್ಷ್ಯಚಿತ್ರವೋ, ಪಾಪ ಅದಕ್ಕೆ ಹೇಗೆ ಗೊತ್ತಾಗಬೇಕು? ಅಪ್ಪನ ಸಿನಿಮಾಗೆ ಮಗನ ಪೋಸ್ಟರ್ ಬಂದು ಕೂರಬಹುದು. ಪ್ರತಿ ಚಿತ್ರಕ್ಕೂ ಬೇರೆ ಫೋಲ್ಡರ್ ಮಾಡಿ, ಹೆಸರಾದ ಮೇಲೆ ಕಂಸದಲ್ಲಿ ವರ್ಷ ಹಾಕಿ. ಮುಕ್ಕಾಲು ತಲೆನೋವು ಅಲ್ಲೇ ಹೋಗುತ್ತದೆ. ಆಗಲೂ ತಪ್ಪಿದರೆ ಸಿನಿಮಾಗಳ ವಿವರವಿರುವ ಟಿಎಂಡಿಬಿ ಸೈಟಿನಲ್ಲಿ ಆ ಚಿತ್ರದ ನಂಬರ್ ಹುಡುಕಿ ಜೆಲ್ಲಿಫಿನ್‌ನ "ಐಡೆಂಟಿಫೈ" ಆಯ್ಕೆಯಲ್ಲಿ ಕೊಡಿ.

ಹಾಡುಗಳದ್ದು ಬೇರೆಯೇ ಕಥೆ. ಅಲ್ಲಿ ಫೈಲಿನ ಹೆಸರಿಗಿಂತ ಒಳಗಿನ ಟ್ಯಾಗ್ (ಆಲ್ಬಂ, ಗಾಯಕರು ಮುಂತಾದ ವಿವರ) ಮುಖ್ಯ. ಹಳೇ ಎಂಪಿ3ಗಳನ್ನು ತೆಗೆದು ನೋಡಿ, ಆಲ್ಬಂ ಅನ್ನುವ ಕಡೆ ಯಾವುದೋ ಡೌನ್‌ಲೋಡ್ ಸೈಟಿನ ಹೆಸರು ಇರುತ್ತದೆ. ಗಾಯಕರ ಜಾಗದಲ್ಲಿ ಒಂದು ಕಡೆ "ಎಸ್‌ಪಿಬಿ", ಇನ್ನೊಂದು ಕಡೆ ಪೂರ್ತಿ ಹೆಸರು. ಜೆಲ್ಲಿಫಿನ್ ಲೆಕ್ಕದಲ್ಲಿ ಅವರು ಇಬ್ಬರು ಬೇರೆ ಬೇರೆ ಗಾಯಕರು! ಮ್ಯೂಸಿಕ್‌ಬ್ರೈನ್ಜ್ ಪಿಕಾರ್ಡ್ ಅನ್ನುವ ಸಾಫ್ಟ್‌ವೇರ್ ಉಚಿತ, ಅದರಲ್ಲಿ ಟ್ಯಾಗ್ ಸರಿಪಡಿಸಬಹುದು. ಅಲ್ಲಿ ಸಿಗದ ಆಲ್ಬಂಗಳ ವಿವರವನ್ನು ಮಾತ್ರ ಕೂತು ಟೈಪ್ ಮಾಡಲೇಬೇಕು, ಬೇರೆ ದಾರಿಯಿಲ್ಲ.

ಇನ್ನೊಂದು. ಟಿವಿಯಲ್ಲಿ ಸಿನಿಮಾ ನಿಂತು ನಿಂತು ಓಡಿದರೆ ವೈಫೈಗೆ ಬೈಯುವ ಮೊದಲು ಜೆಲ್ಲಿಫಿನ್‌ನ ಡ್ಯಾಶ್‌ಬೋರ್ಡ್ ತೆರೆದು, ಟ್ರಾನ್ಸ್‌ಕೋಡ್ (ಸಿನಿಮಾ ಓಡುತ್ತಿರುವಾಗಲೇ ವಿಡಿಯೋವನ್ನು ಬೇರೆ ರೂಪಕ್ಕೆ ಬದಲಿಸುವುದು) ಆಗುತ್ತಿದೆಯಾ ಅಂತ ನೋಡಿ. ಬ್ಲೂರೇಯಲ್ಲಿ ಬರುವ ಚಿತ್ರರೂಪದ ಸಬ್‌ಟೈಟಲ್ ಆನ್ ಆಗಿದ್ದರೆ ಎಷ್ಟೋ ಸಲ ಇಡೀ ವಿಡಿಯೋವನ್ನೇ ಹೊಸದಾಗಿ ಎನ್‌ಕೋಡ್ ಮಾಡಬೇಕಾಗುತ್ತದೆ. ಜೆಲ್ಲಿಫಿನ್ ಓಡಿಸುವ ಹಳೇ ಲ್ಯಾಪ್‌ಟಾಪಿಗೆ ಅದು ಜಾಸ್ತಿಯಾಯಿತು ಅಲ್ವಾ? ಅದರ ಬದಲು ಎಸ್‌ಆರ್‌ಟಿ ಅನ್ನುವ ಅಕ್ಷರರೂಪದ ಸಬ್‌ಟೈಟಲ್ ಫೈಲ್ ಹಾಕಿ ನೋಡಿ.