ಹಳೆಯ ಮಸಲ್ ಕಾರಿನ ಹಿಂಬದಿ: ಮಿಷಿಗನ್ನಿನ ರೀತಿ, ದಾವಣಗೆರೆಯ ರೀತಿ

ಅಮೆರಿಕದ ಮಿಷಿಗನ್ ರಾಜ್ಯದ ಡೆಟ್ರಾಯಿಟ್ ಸುತ್ತಲಿನ ಊರುಗಳಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಅನೇಕರ ಅನ್ನ ಕಾರು ಉದ್ಯಮದಿಂದಲೇ ಬರುತ್ತದೆ, ನನ್ನದೂ ಹಾಗೆಯೇ. ನಮ್ಮಲ್ಲಿ ಕೆಲವರಿಗೆ 1960ರ ದಶಕದ ಮಸಲ್ ಕಾರುಗಳನ್ನು, ಅಂದರೆ ದೊಡ್ಡ ಎಂಜಿನ್ನಿನ ವೇಗದ ಅಮೆರಿಕನ್ ಕಾರುಗಳನ್ನು, ಬಿಡುವಿನ ದಿನಗಳಲ್ಲಿ ಸರಿಪಡಿಸಿ ಓಡಿಸುವ ಹವ್ಯಾಸವೂ ಅಂಟಿಕೊಂಡಿದೆ. ಅಂಥವರು ಒಂದೆಡೆ ಸೇರಿದರೆ ತಪ್ಪದೆ ಬರುವ ಮಾತು, ಕಾರಿನ ಹಿಂಬದಿಯನ್ನು ಒಂದೆರಡು ಇಂಚು ಇಳಿಸುವುದು ಹೇಗೆ ಎಂಬುದು. ಇಲ್ಲಿ ಬಹುಪಾಲು ಜನ ಹಿಡಿಯುವ ದಾರಿ ಸುಲಭದ್ದು: ಹಿಂಚಕ್ರಗಳೆರಡನ್ನೂ ಹಿಡಿದಿರುವ ಆ್ಯಕ್ಸಲ್‌ಗೂ ಕಾರಿನ ಭಾರ ಹೊರುವ ಲೀಫ್ ಸ್ಪ್ರಿಂಗಿನ ಪ್ಲೇಟುಗಳಿಗೂ (ಬಾಗಿದ ಉಕ್ಕಿನ ಪಟ್ಟಿಗಳು) ನಡುವೆ ಒಂದು ಲೋಹದ ಬ್ಲಾಕ್ ಇಟ್ಟು ಉದ್ದನೆಯ ಯು-ಬೋಲ್ಟ್ ಬಿಗಿಯುವುದು. ನಾನು ಇದನ್ನು ಒಪ್ಪುವುದಿಲ್ಲ. ಇಳಿಸುವ ಕೆಲಸ ಪ್ಲೇಟಿನ ಬಾಗಿನಲ್ಲೇ ಆಗಬೇಕು, ಅಂದರೆ ನಮ್ಮ ದಾವಣಗೆರೆಯ ಲಾರಿ ಸ್ಪ್ರಿಂಗ್ ಅಂಗಡಿಗಳವರು ಗಾಡಿಯ ಎತ್ತರವನ್ನು ಸರಿಪಡಿಸುವ ರೀತಿಯಲ್ಲೇ ಆಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮಾತು ಗಾಳಿಯಲ್ಲಿ ತೇಲಬಾರದೆಂದು ನಾನು ಚೆನ್ನಾಗಿ ಬಲ್ಲ ಒಂದು ಕಾರನ್ನೇ ತೆಗೆದುಕೊಳ್ಳುತ್ತೇನೆ: 1968ರ ಪ್ಲಿಮತ್ ರೋಡ್ ರನ್ನರ್. 383 ಘನ ಇಂಚಿನ, ಅಂದರೆ ಸುಮಾರು 6.3 ಲೀಟರಿನ ಎಂಜಿನ್. ಕಂಪನಿ ಹೇಳಿದ ಶಕ್ತಿ 335 ಅಶ್ವಶಕ್ತಿ. ಮುಂದಿನ ಚಕ್ರಗಳಿಗೆ ಟಾರ್ಶನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನಂತೆ ಕೆಲಸ ಮಾಡುವ ಉಕ್ಕಿನ ಸರಳು), ಹಿಂದಿನ ಗಟ್ಟಿ ಆ್ಯಕ್ಸಲ್‌ಗೆ ಲೀಫ್ ಸ್ಪ್ರಿಂಗ್. ನಮ್ಮ ಹಳೆಯ ಅಂಬಾಸಡರ್ ಕಾರಿನ ಏರ್ಪಾಡೂ ಇದೇ ಬಗೆಯದು: ಮುಂದೆ ಟಾರ್ಶನ್ ಬಾರ್, ಹಿಂದೆ ಪ್ಲೇಟು. ಅಂಬಾಸಡರ್ ಹಿಂಭಾಗವನ್ನು ಬಿಚ್ಚಿ ಜೋಡಿಸಿದ ಮೆಕ್ಯಾನಿಕ್ ಒಬ್ಬನನ್ನು ರೋಡ್ ರನ್ನರ್ ಕೆಳಗೆ ಮಲಗಿಸಿದರೆ ಅವನಿಗೆ ಅಲ್ಲಿ ಅಪರಿಚಿತವಾದದ್ದು ಹೆಚ್ಚೇನೂ ಕಾಣಿಸದು. ಈ ಕಾರಿನ ಮುಂಭಾಗವನ್ನು ಇಳಿಸಲು ಟಾರ್ಶನ್ ಬಾರಿನ ಬೋಲ್ಟನ್ನು ಸ್ಪ್ಯಾನರಿನಿಂದ ತಿರುಗಿಸಿದರೆ ಸಾಕು. ಹಿಂಭಾಗಕ್ಕೆ ಅಂಥ ಬೋಲ್ಟ್ ಇಲ್ಲ. ಮುಂದೆ ನಿಮಿಷಗಳಲ್ಲಿ ಮುಗಿದ ಕೆಲಸ ಹಿಂದೆಯೂ ಅಷ್ಟೇ ಬೇಗ ಮುಗಿಯಬೇಕು ಎಂಬ ಆತುರವೇ ಬ್ಲಾಕಿನ ಮೊರೆ ಹೋಗುವಂತೆ ಮಾಡುತ್ತದೆ.

ಇಲ್ಲಿ ಮಾರಾಟಕ್ಕೆ ಬರುವ ಎಷ್ಟೋ ಕಾರುಗಳ ಹಿಂಬದಿ ಕಾರ್ಖಾನೆಯಿಂದ ಬಂದ ಎತ್ತರದಲ್ಲೇ ಇರುವುದಿಲ್ಲ. 1970ರ ದಶಕದ ಹುಡುಗರು ಅಗಲವಾದ ಟೈರು ಹಿಡಿಸಲೆಂದು ಉದ್ದನೆಯ ಶ್ಯಾಕಲ್ (ಪ್ಲೇಟಿನ ಹಿಂದಿನ ತುದಿಯನ್ನು ಕಾರಿನ ತಳಕ್ಕೆ ಸೇರಿಸುವ ಕೊಂಡಿ) ಹಾಕಿ, ಇಲ್ಲವೇ ಗಾಳಿ ತುಂಬುವ ಶಾಕ್ ಅಬ್ಸಾರ್ಬರ್ ಕೂರಿಸಿ ಹಿಂಬದಿಯನ್ನು ಎತ್ತಿ ನಿಲ್ಲಿಸಿದ್ದರು. ಕಾರಿನ ಭಾರ ಹೊರುವುದಕ್ಕೆಂದು ಮಾಡಿರದ ಶಾಕ್ ಮೌಂಟುಗಳು ಇದರಿಂದ ಬಿರುಕು ಬಿಡುತ್ತವೆ. ಅದಕ್ಕಿಂತ ಮುಖ್ಯವಾದ ಕೆಡುಕು ತಿರುವಿನಲ್ಲಿ ಗೊತ್ತಾಗುತ್ತದೆ. ಪ್ಲೇಟಿನ ಮುಂದಿನ ಕಣ್ಣು (ಅದನ್ನು ಕಾರಿನ ತಳಕ್ಕೆ ಬೋಲ್ಟಿನಿಂದ ಸೇರಿಸುವ ಸುರುಳಿ ತುದಿ) ಆ್ಯಕ್ಸಲ್‌ಗಿಂತ ಮೇಲಕ್ಕೆ ಹೋದಾಗ, ಕಾರು ವಾಲಿದಂತೆಲ್ಲ ಹೊರಬದಿಯ ಚಕ್ರ ಹಿಂದಕ್ಕೂ ಒಳಬದಿಯ ಚಕ್ರ ಮುಂದಕ್ಕೂ ಸರಿದು, ಇಡೀ ಆ್ಯಕ್ಸಲ್ಲೇ ತಿರುವಿನ ಹೊರಗೆ ಮುಖಮಾಡುತ್ತದೆ. ಸ್ಟೀರಿಂಗ್ ಹಿಡಿದವನಿಗೆ ಹಿಂಬದಿ ತಾನೇ ಹೊರಳುತ್ತಿರುವ ಅನುಭವವಾಗುತ್ತದೆ. ಆದ್ದರಿಂದ ಮೊದಲು ಮಾಡಬೇಕಾದದ್ದು ಆ ಉದ್ದನೆಯ ಶ್ಯಾಕಲ್ ಕಳಚಿ ಕಾರ್ಖಾನೆಯ ಅಳತೆಯದನ್ನು ಹಾಕುವುದು. ಅಷ್ಟರಿಂದಲೇ ಬೇಕಾದ ಎತ್ತರಕ್ಕೆ ಬಂದು ನಿಂತ ಕಾರುಗಳನ್ನು ನಾನು ನೋಡಿದ್ದೇನೆ.

ಇನ್ನು ಬ್ಲಾಕಿನ ವಿಷಯ. ರೋಡ್ ರನ್ನರ್‌ನಲ್ಲಿ ಆ್ಯಕ್ಸಲ್ ಪ್ಲೇಟುಗಳ ಮೇಲೆ ಕೂತಿದೆ. ನಡುವೆ ಎರಡು ಇಂಚಿನ ಬ್ಲಾಕ್ ಇಟ್ಟರೆ ಆ್ಯಕ್ಸಲ್ ಇದ್ದ ಎತ್ತರದಲ್ಲೇ ಉಳಿದು ಪ್ಲೇಟು, ಅದರ ಜೊತೆಗೆ ಕಾರಿನ ಮೈ, ಎರಡು ಇಂಚು ಕೆಳಗಿಳಿಯುತ್ತವೆ. ಪ್ಲೇಟುಗಳು ಆ್ಯಕ್ಸಲ್‌ನ ಮೇಲಿರುವ ಪಿಕಪ್ ಗಾಡಿಗಳಲ್ಲಿ ಇದೇ ಬ್ಲಾಕ್ ಗಾಡಿಯನ್ನು ಎತ್ತರಿಸುತ್ತದೆ. ಈ ಎರಡನ್ನೂ ಬೆರೆಸಿ ಮಾತಾಡುವುದರಿಂದ, ಬ್ಲಾಕ್ ಇಟ್ಟರೆ ಸನ್ನೆಯ ಉದ್ದ ಹೆಚ್ಚಿ ಪ್ಲೇಟು ತಿರುಚಿಕೊಳ್ಳುತ್ತದೆ ಎಂಬ ಆರೋಪ ಮಸಲ್ ಕಾರಿನ ಮೇಲೂ ಬರುತ್ತದೆ. ಈ ಆರೋಪ ಪಿಕಪ್ ಗಾಡಿಗೆ ನಿಜ, ಈ ಕಾರಿಗೆ ಅಲ್ಲ. ಟೈರು ರಸ್ತೆಯನ್ನು ಹಿಂದಕ್ಕೆ ತಳ್ಳುವ ಬಲ ನೆಲಮಟ್ಟದಲ್ಲಿ ಕೆಲಸ ಮಾಡುತ್ತದೆ. ಪ್ಲೇಟನ್ನು ತಿರುಚುವ ಸನ್ನೆಯ ಉದ್ದವೆಂದರೆ ನೆಲದಿಂದ ಪ್ಲೇಟಿನ ಪೀಠದವರೆಗಿನ ಎತ್ತರ. ಪ್ಲೇಟು ಕೆಳಗಿಳಿದಾಗ ಆ ಉದ್ದ ಕಡಿಮೆಯೇ ಆಗುತ್ತದೆ. ನಾನು ಬ್ಲಾಕನ್ನು ಬೇಡ ಎನ್ನುವವನಾದರೂ ಅದಕ್ಕೆ ಸುಳ್ಳು ಕಾರಣ ಕೊಡಲು ಇಷ್ಟಪಡುವುದಿಲ್ಲ.

ನಿಜವಾದ ಕಾರಣಗಳು ಬೇರೆ ಇವೆ. ಬ್ಲಾಕ್ ಇಟ್ಟಾಗ ಪ್ಲೇಟಿನ ಜೊತೆಗೆ ಅದರ ಕೆಳಗಿನ ಬಿಗಿತಟ್ಟೆ ಮತ್ತು ಯು-ಬೋಲ್ಟಿನ ತುದಿಗಳೂ ಅಷ್ಟೇ ಇಂಚು ರಸ್ತೆಗೆ ಹತ್ತಿರವಾಗುತ್ತವೆ. ಬಾಗನ್ನು ತಗ್ಗಿಸಿ ಇಳಿಸಿದರೆ ಪ್ಲೇಟಿನ ನಡುಭಾಗ ಆ್ಯಕ್ಸಲ್‌ಗೆ ಅಂಟಿಕೊಂಡು ಮೊದಲಿನ ಎತ್ತರದಲ್ಲೇ ಉಳಿಯುತ್ತದೆ. ಟೈರು ಪಂಕ್ಚರ್ ಆಗಿ ರಿಮ್ಮಿನ ಮೇಲೆ ಕಾರು ನಿಂತ ಹೊತ್ತಿನಲ್ಲಿ ಈ ವ್ಯತ್ಯಾಸದ ಬೆಲೆ ತಿಳಿಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 1958ರಿಂದ ಇದ್ದ ಕಾನೂನೊಂದು, ಮಾರ್ಪಡಿಸಿದ ಕಾರಿನ ಯಾವ ಭಾಗವೂ ರಿಮ್ಮಿನ ಕೆಳಅಂಚಿಗಿಂತ ಕೆಳಗೆ ಇರಕೂಡದು ಎನ್ನುತ್ತಿತ್ತು. ತಗ್ಗಿಸಿದ ಕಾರುಗಳಲ್ಲಿ ಓಡಾಡುತ್ತಿದ್ದ ಮೆಕ್ಸಿಕನ್ ಮೂಲದ ಯುವಕರನ್ನು ತಡೆದು ನಿಲ್ಲಿಸಲು ಅದು ಬಳಕೆಯಾಗುತ್ತಿತ್ತು, 2024ರ ಜನವರಿ 1ರಿಂದ ಅದು ರದ್ದಾಗಿದೆ. ರದ್ದಾದದ್ದು ನ್ಯಾಯವೇ. ಆದರೂ ರಿಮ್ಮಿನ ಆ ಗೆರೆಯನ್ನು ನಮ್ಮ ಗ್ಯಾರೇಜಿನ ನಿಯಮವಾಗಿ ಇಟ್ಟುಕೊಳ್ಳುವುದರಲ್ಲಿ ವಿವೇಕವಿದೆ. ಚಳಿಗಾಲದ ಹಿಮ ಬಿರುಕುಗಳಿಗೆ ಇಳಿದು ಹೆಪ್ಪುಗಟ್ಟಿ ಕರಗಿ, ಮಾರ್ಚ್ ಹೊತ್ತಿಗೆ ಹೊಂಡಗಳಾಗಿ ಬಾಯಿ ತೆರೆಯುವ ಮಿಷಿಗನ್ ರಸ್ತೆಗಳಿಗೂ, ಸುಣ್ಣದ ಗೆರೆಯೂ ಇಲ್ಲದ ಹಂಪುಗಳಿರುವ ನಮ್ಮ ಊರಿನ ರಸ್ತೆಗಳಿಗೂ ಈ ನಿಯಮ ಒಂದೇ.

ಎರಡನೆಯ ಕಾರಣ ಬಿಗಿತ. ಪ್ಲೇಟುಗಳ ನಡುವಿನ ಸೆಂಟರ್ ಬೋಲ್ಟಿನ ತಲೆ ಆ್ಯಕ್ಸಲ್‌ನ ಪೀಠದ ರಂಧ್ರದಲ್ಲಿ ಕೂತು ಆ್ಯಕ್ಸಲ್ ಹಿಂದೆಮುಂದೆ ಸರಿಯದಂತೆ ತಡೆಯುತ್ತದೆ. ಬ್ಲಾಕ್ ಬಂದಾಗ ಒಂದು ಸಂಧಿ ಇದ್ದೆಡೆ ಎರಡಾಗುತ್ತವೆ, ಯು-ಬೋಲ್ಟ್ ಉದ್ದವಾಗುತ್ತದೆ, ಸಡಿಲಾಗುವ ಅವಕಾಶ ಹೆಚ್ಚುತ್ತದೆ. ಈ ಎಂಜಿನ್ನಿನ 425 ಪೌಂಡ್-ಅಡಿ ತಿರುಚುಬಲ ಮೊದಲ ಗೇರಿನ 2.66 ಮತ್ತು ಹಿಂಚಕ್ರಗಳ ನಡುವಿನ ಗೇರು ಪೆಟ್ಟಿಗೆಯಾದ ಡಿಫರೆನ್ಷಿಯಲ್‌ನ 3.23 ಪಟ್ಟುಗಳನ್ನು ದಾಟಿ ಆ್ಯಕ್ಸಲ್ ತಲುಪುವಾಗ ಲೆಕ್ಕದ ಮೇಲೆ ಸುಮಾರು 4,950 ನ್ಯೂಟನ್ ಮೀಟರ್ ಆಗಿರುತ್ತದೆ. ಇಷ್ಟನ್ನು ತಡೆದುಕೊಳ್ಳಲು ಪ್ಲಿಮತ್ ಕಾರುಗಳ ಮಾತೃಸಂಸ್ಥೆಯಾದ ಕ್ರೈಸ್ಲರ್‌ನ ಎಂಜಿನಿಯರುಗಳು ಆ್ಯಕ್ಸಲನ್ನು ಪ್ಲೇಟಿನ ನಟ್ಟನಡುವೆ ಇಡದೆ ಮುಂದಕ್ಕೆ ಸರಿಸಿ, ಮುಂದಿನ ತುಂಡನ್ನು ಗಿಡ್ಡವಾಗಿಯೂ ಬಿಗಿಯಾಗಿಯೂ ಮಾಡಿದರು. ಇದಕ್ಕಿಂತ ಬಲವಾದ ಹೆಮಿ ಎಂಜಿನ್ನಿನ ಕಾರುಗಳಲ್ಲಂತೂ ಎಡಬಲಗಳ ಪ್ಲೇಟುಗಳ ಜೋಡಣೆಯೇ ಬೇರೆ ಬೇರೆ. ಎಂಜಿನ್ನಿನ ಶಕ್ತಿಯನ್ನು ಹಿಂದಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ತಿರುವು ಬಲಗಡೆಯ ಹಿಂಚಕ್ರವನ್ನು ನೆಲದಿಂದ ಮೇಲೆತ್ತಲು ನೋಡುವುದರಿಂದ ಆ ಬದಿಗೆ ಹೆಚ್ಚಿನ ಬಿಗಿ ಬೇಕು. ಇಷ್ಟು ಯೋಚನೆ ಹಿಡಿದಿಟ್ಟುಕೊಂಡಿರುವ ಪ್ಲೇಟನ್ನು ನೋಡದೆ, ಅದರ ತಲೆಯ ಮೇಲೆ ಒಂದು ಬ್ಲಾಕನ್ನಿಟ್ಟು ಮುಗಿಸುವುದು ನನಗೆ ಸರಿಕಾಣುವುದಿಲ್ಲ.

ದಾವಣಗೆರೆಯ ಪಿ.ಬಿ. ರಸ್ತೆಯ ಕಡೆ ನಾನು ಬೆಳೆಯುವಾಗ ನೋಡಿದ ಸ್ಪ್ರಿಂಗ್ ಮೇಸ್ತ್ರಿಗಳು ಗಾಡಿ ಬಂದ ಕೂಡಲೇ ಎಷ್ಟು ಏರಬೇಕು, ಎಷ್ಟು ಇಳಿಯಬೇಕು ಎಂದು ಕೇಳುತ್ತಿರಲಿಲ್ಲ; ಲೋಡ್ ಎಷ್ಟು, ಯಾವ ದಾರಿ ಎಂದು ಕೇಳುತ್ತಿದ್ದರು. ಆಮೇಲೆ ಕಟ್ಟನ್ನು ಬಿಚ್ಚಿ ಪ್ಲೇಟುಗಳನ್ನು ಒಂದೊಂದಾಗಿ ನೆಲದ ಮೇಲೆ ಮಲಗಿಸಿ, ಎರಡೂ ಬದಿಯ ಮೇನ್ ಪ್ಲೇಟುಗಳನ್ನು ಜೋಡಿಸಿ ಹಿಡಿದು, ಸೀಮೆಸುಣ್ಣದಲ್ಲಿ ಬೇಕಾದ ಬಾಗನ್ನು ನೆಲಕ್ಕೆ ಗೀಚಿ, ಆ ಗೆರೆಗೆ ಕೂರುವವರೆಗೆ ಸುತ್ತಿಗೆಯ ಪೆಟ್ಟು ಹಾಕುತ್ತಿದ್ದರು. ಒಂದು ಪೆಟ್ಟು, ಗೆರೆಯ ಮೇಲೆ ಇಟ್ಟು ನೋಡುವುದು, ಮತ್ತೆ ಎರಡು ಬೆರಳು ಸರಿಸಿ ಇನ್ನೊಂದು ಪೆಟ್ಟು. ಹಾಗೆ ನೋಡುವಾಗಲೇ ಸವೆದ ತುದಿ, ಸೆಂಟರ್ ಬೋಲ್ಟಿನ ತೂತಿನ ಬಳಿಯ ಕೂದಲೆಳೆಯ ಬಿರುಕು, ಕಣ್ಣಿನೊಳಗಿನ ಸೊರಗಿದ ಬುಷ್ (ಬಳೆಯಂಥ ಒಳಪದರ) ಎಲ್ಲವೂ ಕಣ್ಣಿಗೆ ಬೀಳುತ್ತಿದ್ದವು. ಬ್ಲಾಕ್ ಹಾಕುವವನಿಗೆ ಇವು ಯಾವುವೂ ಕಾಣುವುದಿಲ್ಲ, ಏಕೆಂದರೆ ಅವನು ಕಟ್ಟನ್ನು ಬಿಚ್ಚುವುದೇ ಇಲ್ಲ. ರಸ್ತೆಗೆ ಉಪ್ಪು ಚೆಲ್ಲುವ ಈ ಸೀಮೆಯಲ್ಲಿ ಪ್ಲೇಟುಗಳ ಸಂದಿಯಲ್ಲಿ ಕೂತ ತುಕ್ಕು ಅರ್ಧ ಶತಮಾನದಿಂದ ಉಕ್ಕನ್ನು ತಿನ್ನುತ್ತಾ ಬಂದಿರುತ್ತದೆ ಎಂಬುದನ್ನು ಇಲ್ಲಿ ಮರೆಯಬಾರದು.

ಊರಿನ ರೀತಿಯಲ್ಲಿ ಒಪ್ಪಲಾಗದ ಒಂದು ಸಂಗತಿಯೂ ಇದೆ, ಅದನ್ನು ಹೇಳಲೇಬೇಕು. ಕೆಲವೆಡೆ ಪ್ಲೇಟನ್ನು ಇದ್ದಿಲ ಒಲೆಯಲ್ಲೋ ಗ್ಯಾಸ್ ಬೆಂಕಿಯಲ್ಲೋ ಕೆಂಪಗೆ ಕಾಯಿಸಿ ಬಗ್ಗಿಸುತ್ತಾರೆ. ಸ್ಪ್ರಿಂಗ್ ಉಕ್ಕಿನ ಗುಣವೆಲ್ಲ ಅದನ್ನು ಕಾಯಿಸಿ, ತಣಿಸಿ, ಮತ್ತೆ ಹದವಾಗಿ ಕಾಯಿಸಿದ ಕ್ರಮದಲ್ಲಿದೆ; ಅಳತೆಯಿಲ್ಲದ ಬೆಂಕಿಗೆ ಆ ಹದ ಉಳಿಯುವುದಿಲ್ಲ. ಅಂಥ ಪ್ಲೇಟು ಒಂದೋ ಬೇಗ ಕುಸಿಯುತ್ತದೆ, ಇಲ್ಲವೇ ಮುರಿಯುತ್ತದೆ. ಬಾಗನ್ನು ತಣ್ಣಗೆ ಬದಲಿಸಬೇಕು, ಸುತ್ತಿಗೆಯಿಂದಾಗಲಿ ಪ್ರೆಸ್ಸಿನಿಂದಾಗಲಿ. ಪ್ಲೇಟು ತುಂಬ ಹಳೆಯದಾಗಿದ್ದರೆ ಅದಕ್ಕೆ ಹಣ ಸುರಿಯದೆ, ಕಡಿಮೆ ಬಾಗಿನ ಹೊಸ ಜೋಡಿಯನ್ನೇ ಮಾಡಿಸುವುದು ಉತ್ತಮ. ಲಾರಿಗಳಿಗೆ ಸ್ಪ್ರಿಂಗ್ ಮಾಡಿಕೊಡುವ ಹಳೆಯ ಅಂಗಡಿಗಳು ಡೆಟ್ರಾಯಿಟ್ ಕಡೆಯೂ ಇವೆ, ಕೇಳಿದರೆ ಕಾರಿಗೂ ಮಾಡಿಕೊಡುತ್ತಾರೆ. ಹವ್ಯಾಸಿಗಳು ಕ್ಯಾಟಲಾಗ್ ಬಿಟ್ಟು ಅತ್ತ ಹೋಗುವುದಿಲ್ಲ ಅಷ್ಟೇ. ಒಂದು ಪ್ಲೇಟನ್ನು ಕಳಚಿ ಇಳಿಸುವ ದಾರಿ ಎರಡೂ ನಾಡುಗಳಲ್ಲಿದೆ. ಅದರಿಂದ ಸ್ಪ್ರಿಂಗ್ ಮೆದುವಾಗುತ್ತದೆ, ಉಬ್ಬಿನಲ್ಲಿ ಆ್ಯಕ್ಸಲ್ ಮೇಲೇಳುವ ಜಾಗವೂ ಕಡಿಮೆಯಾಗುತ್ತದೆ. ಎರಡೂ ಒಟ್ಟಿಗೆ ಸಲ್ಲದು.

ಆ ಜಾಗದ ಲೆಕ್ಕದಲ್ಲಿ ಮಾತ್ರ ಅಮೆರಿಕದ ರೀತಿಗೆ ನಾನು ತಲೆಬಾಗುತ್ತೇನೆ. ಇಲ್ಲಿನ ಒಳ್ಳೆಯ ಹವ್ಯಾಸಿ ಸಮತಟ್ಟಾದ ನೆಲದ ಮೇಲೆ ಕಾರನ್ನು ನಿಲ್ಲಿಸಿ, ಪೆಟ್ರೋಲ್ ಎಷ್ಟಿದೆಯೆಂದು ಬರೆದಿಟ್ಟುಕೊಂಡು, ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ನಾಲ್ಕೂ ಕಡೆ ಅಳೆಯುತ್ತಾನೆ. ಆ್ಯಕ್ಸಲ್‌ಗೂ ಅದರ ಮೇಲಿನ ರಬ್ಬರ್ ತಡೆಗೂ ನಡುವೆ ಎಷ್ಟು ಉಳಿದಿದೆ ಎಂದು ನೋಡುತ್ತಾನೆ. ಯಾವ ರೀತಿಯಲ್ಲಿ ಇಳಿಸಿದರೂ ಈ ಅಂತರ ಇಳಿಸಿದಷ್ಟೇ ಕಡಿಮೆಯಾಗುತ್ತದೆ. ರೋಡ್ ರನ್ನರ್‌ನಲ್ಲಿ ಡಿಫರೆನ್ಷಿಯಲ್‌ನ ಮೂಗಿನ ಮೇಲೂ ಒಂದು ರಬ್ಬರ್ ಗುಬುಟಿದೆ, ಜೋರಾಗಿ ಹೊರಟಾಗ ಅದು ಕಾರಿನ ತಳಕ್ಕೆ ತಾಗಿ ಮೂಗು ಮೇಲೇಳದಂತೆ ತಡೆಯುತ್ತದೆ. ಹಿಂಬದಿ ಇಳಿದ ಮೇಲೆ ಅದು ಪ್ರತಿ ಉಬ್ಬಿಗೂ ತಳವನ್ನು ಗುದ್ದತೊಡಗುತ್ತದೆ, ಆದ್ದರಿಂದ ಅದನ್ನೂ ಗಿಡ್ಡ ಮಾಡಬೇಕು. ಶಾಕ್ ಅಬ್ಸಾರ್ಬರ್ ಗಿಡ್ಡದ್ದು ಬೇಕು, ಆ್ಯಕ್ಸಲ್ ಮೇಲೆ ಹಾದುಹೋಗುವ ಸೈಲೆನ್ಸರ್ ಪೈಪಿಗೆ ಜಾಗ ನೋಡಬೇಕು, ಹೆಡ್‌ಲೈಟ್ ಮತ್ತೆ ಹೊಂದಿಸಬೇಕು. ಪ್ರೊಪೆಲ್ಲರ್ ಶಾಫ್ಟಿನ ಎರಡೂ ತುದಿಯ ಕೋನಗಳನ್ನು ಅಳೆಯದೆ ಬಿಟ್ಟರೆ ಹೆದ್ದಾರಿಯ ವೇಗದಲ್ಲಿ ಸೀಟಿನ ಕೆಳಗೆ ನಡುಕ ಶುರುವಾಗುತ್ತದೆ.

ಇನ್ನೊಂದು ಚಿಕ್ಕ ಶಿಸ್ತು ನಮ್ಮ ಗ್ಯಾರೇಜುಗಳಿಗೆ ಬರಬೇಕೆಂಬುದು ನನ್ನ ಬಹುದಿನದ ಆಸೆ. ಪ್ಲೇಟಿನ ಮುಂದಿನ ಕಣ್ಣಿನ ಬೋಲ್ಟನ್ನೂ ಶ್ಯಾಕಲ್ ನಟ್ಟುಗಳನ್ನೂ ಕಾರು ಜಾಕಿನ ಮೇಲಿರುವಾಗ ಪೂರ್ತಿ ಬಿಗಿಯಬಾರದು. ಚಕ್ರಗಳು ನೆಲಕ್ಕೆ ಕೂತು, ಕಾರಿನ ಭಾರವೆಲ್ಲ ಪ್ಲೇಟಿನ ಮೇಲೆ ಬಂದ ನಂತರವೇ ಟಾರ್ಕ್ ರೆಂಚ್ ಹಾಕಬೇಕು. ಇಲ್ಲವಾದರೆ ಬುಷ್ಷಿನ ರಬ್ಬರು ಹುಟ್ಟಿನಿಂದಲೇ ತಿರುಚಿಕೊಂಡು ಕೂತು, ಕಾರು ಬೇಕಾದ ಎತ್ತರಕ್ಕೆ ಇಳಿಯುವುದೂ ಇಲ್ಲ, ಬುಷ್ ಬಹುಕಾಲ ಬಾಳುವುದೂ ಇಲ್ಲ. ಬಿಚ್ಚಿದ ಯು-ಬೋಲ್ಟನ್ನು ಮತ್ತೆ ಹಾಕದೆ ಹೊಸದನ್ನೇ ಬಳಸುವುದೂ ಇದೇ ಶಿಸ್ತಿಗೆ ಸೇರಿದ್ದು.

ಕಾನೂನಿನ ವಿಷಯದಲ್ಲಿ ಎರಡು ನಾಡುಗಳ ಅಂತರ ದೊಡ್ಡದು. ಮಿಷಿಗನ್ನಿನಲ್ಲಿ ಖಾಸಗಿ ಕಾರುಗಳಿಗೆ ನಿಯತಕಾಲಿಕ ತಪಾಸಣೆಯೇ ಇಲ್ಲ. 25 ವರ್ಷ ದಾಟಿದ ಕಾರಿಗೆ ಐತಿಹಾಸಿಕ ನಂಬರ್ ಪ್ಲೇಟ್ ಪಡೆದು ಕ್ಲಬ್ಬು, ಪ್ರದರ್ಶನ, ಮೆರವಣಿಗೆಗಳಿಗೆ ಒಯ್ಯಬಹುದು. ಆಗಸ್ಟ್ ತಿಂಗಳಲ್ಲಂತೂ ಸಾಮಾನ್ಯ ಓಡಾಟಕ್ಕೂ ಬಳಸಬಹುದು. 1995ರಲ್ಲಿ ಶುರುವಾದ ವುಡ್‌ವರ್ಡ್ ಅವೆನ್ಯೂದ ಕಾರು ಮೆರವಣಿಗೆ ನಡೆಯುವುದೂ ಆ ತಿಂಗಳಲ್ಲೇ. ಭಾರತದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಮೂಲತಃ ನಮೂದಿಸಿದ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ. 2021ರ ವಿಂಟೇಜ್ ನಿಯಮಗಳು 50 ವರ್ಷ ದಾಟಿದ ವಾಹನಕ್ಕೆ ಪ್ರತ್ಯೇಕ ನೋಂದಣಿ ಕೊಡುತ್ತವೆ, ಆದರೆ ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡು ಇರಕೂಡದು. ಇಲ್ಲಿನ ಸ್ವಾತಂತ್ರ್ಯ ನನಗೆ ಇಷ್ಟ. ಆದರೆ ಪರೀಕ್ಷಿಸುವವರು ಯಾರೂ ಇಲ್ಲದ ಕಡೆ ಬೋಲ್ಟ್ ಬಿಗಿಯುವವನೇ ಪರೀಕ್ಷಕನೂ ಆಗಬೇಕಾಗುತ್ತದೆ, ಮತ್ತು ಬ್ಲಾಕ್ ಇಟ್ಟು ಸಂಜೆಯೊಳಗೆ ಕಾರು ಹೊರತೆಗೆಯುವ ಆತುರಕ್ಕೆ ಆ ತಾಳ್ಮೆ ಇರುವುದಿಲ್ಲ.

ಸಲಹೆ ಕೇಳುವ ಸ್ನೇಹಿತರಿಗೆ ನಾನು ಹೇಳುವುದು ಇಷ್ಟು: ರೋಡ್ ರನ್ನರ್‌ನಂಥ ಕಾರನ್ನು ರಸ್ತೆಯಲ್ಲಿ ಓಡಿಸುವ ಉದ್ದೇಶವಿದ್ದರೆ ಕಾರ್ಖಾನೆಯ ಎತ್ತರಕ್ಕಿಂತ ಒಂದು ಇಂಚು, ಹೆಚ್ಚೆಂದರೆ ಒಂದೂವರೆ ಇಂಚು ಇಳಿಸಿ. ಅದಕ್ಕೆ ತಕ್ಕ ಕಡಿಮೆ ಬಾಗಿನ, ಸ್ವಲ್ಪ ಬಿಗಿಯಾದ ಪ್ಲೇಟುಗಳನ್ನು ಜೋಡಿಯಾಗಿಯೇ ಮಾಡಿಸಿ. ಕೆಲವು ನೂರು ಮೈಲಿ ಓಡಿ ಪ್ಲೇಟು ಕೂತ ಮೇಲೆ ಯು-ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿದು, ನಾಲ್ಕು ಚಕ್ರಗಳ ಬಳಿಯೂ ಮತ್ತೆ ಅಳೆಯಿರಿ. ಮುಂಭಾಗದ ಟಾರ್ಶನ್ ಬಾರನ್ನು ಹೊಂದಿಸುವುದು ಆ ಅಳತೆ ಕೈಗೆ ಬಂದ ಮೇಲೆ.