ಮೂತಿಯ ಮೇಲೊಂದು ಸ್ನಾರ್ಕೆಲ್

ನಿಂಬೆಹಣ್ಣಿನ ಕಥೆ ನಿಮಗೆಲ್ಲ ಗೊತ್ತೇ ಇದೆ. 2025ರ ಸೆಪ್ಟೆಂಬರ್, ದೆಹಲಿಯ ನಿರ್ಮಾಣ್ ವಿಹಾರ್, ಶೋರೂಮಿನ ಮೊದಲ ಮಹಡಿ, ಆಗಷ್ಟೇ ಪೂಜೆಯಾದ ಥಾರ್ ರಾಕ್ಸ್ (ರಸ್ತೆಯಿಲ್ಲದ ಕಡೆಯೂ ಓಡುತ್ತೆ ಅಂತ ಹೆಸರು ಮಾಡಿದ ಮಹೀಂದ್ರ ಗಾಡಿ), ಚಕ್ರದ ಕೆಳಗೊಂದು ನಿಂಬೆಹಣ್ಣು. ಆಕ್ಸಿಲರೇಟರ್ ಮೇಲೆ ಕಾಲು ತುಸು ಜಾಸ್ತಿ ಬಿದ್ದಿದ್ದೇ ತಡ, ಗಾಡಿ ಗಾಜು ಒಡೆದುಕೊಂಡು ಕೆಳಗೆ ಮಗುಚಿ ಬಿತ್ತು. ಏರ್‌ಬ್ಯಾಗ್ ಬಿಚ್ಚಿಕೊಂಡಿದ್ದರಿಂದ ಒಳಗಿದ್ದವರಿಗೆ ದೊಡ್ಡ ಪೆಟ್ಟೇನೂ ಆಗಲಿಲ್ಲ. ಹಾಗಾಗಿ ನಾವು ಪಾಪ ಕಟ್ಟಿಕೊಳ್ಳದೆ ನಗಬಹುದು. ರಸ್ತೆಗೆ ಇಳಿಯುವ ಮೊದಲೇ ಆಫ್‌ರೋಡ್ ಮಾಡಿ ತೋರಿಸಿದ ಗಾಡಿ ನನ್ನ ತಿಳಿವಳಿಕೆಯಲ್ಲಿ ಅದೊಂದೇ.

ಅದಕ್ಕೂ ಹಿಂದಿನ ವರ್ಷ ಗುಜರಾತಿನ ಮುಂದ್ರಾದಲ್ಲಿ ಎರಡು ಥಾರ್‌ಗಳು ರೀಲ್ಸ್‌ಗೋಸ್ಕರ ಸಮುದ್ರಕ್ಕೇ ಇಳಿದಿದ್ದವು. 650 ಮಿಲಿಮೀಟರ್ ನೀರಲ್ಲಿ ಹೋಗಬಹುದು ಅಂತ ಕಂಪನಿಯವರು ಬ್ರೋಷರಿನಲ್ಲಿ ಬರೆದಿದ್ದಾರೆ, ನಿಜ. ಸಮುದ್ರ ಆ ಬ್ರೋಷರ್ ಓದಿರಲಿಲ್ಲ.

ಉತ್ತರದವರ ಸುದ್ದಿ ನಮಗ್ಯಾಕೆ ಅಂತೀರಾ? ಬೆಂಗಳೂರಿಗೇ ಬನ್ನಿ. ನಮ್ಮ ರಾಜ್ಯದಲ್ಲಿ ಹತ್ತು ಲಕ್ಷ ದಾಟಿದ ಡೀಸೆಲ್ ಗಾಡಿಗೆ ಜೀವಾವಧಿ ತೆರಿಗೆ ಶೇ 17, ಇಪ್ಪತ್ತು ದಾಟಿದರೆ ಶೇ 18, ಅದರ ತಲೆಯ ಮೇಲೆ ಸೆಸ್ಸು. ಅಂದರೆ ರಸ್ತೆಯೇ ಬೇಡ ಅನ್ನುವ ಗಾಡಿಗೂ ರಸ್ತೆ ತೆರಿಗೆ ಲಕ್ಷಗಟ್ಟಲೆ. ಸರ್ಕಾರ ಮೋಸ ಮಾಡುತ್ತಿದೆ ಅಂತ ಮಾತ್ರ ಹೇಳಬೇಡಿ. ಗಾಡಿ ತಗೊಂಡ ಮೇಲೆ ಅದನ್ನು ಓಡಿಸೋಕೆ ಗುಂಡಿ, ಹಳ್ಳ, ಕೆಸರು, ಕಿತ್ತುಬಂದ ಜಲ್ಲಿ, ಮುಚ್ಚಳವಿಲ್ಲದ ಮ್ಯಾನ್‌ಹೋಲು ಎಲ್ಲವನ್ನೂ ಮನೆ ಬಾಗಿಲಿಗೇ ಒದಗಿಸಿದೆ. ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ (ಜಿಬಿಎ) ಬಂತು, ಇದ್ದ ಒಂದು ಪಾಲಿಕೆ ಐದಾಯಿತು. ಈ ಸೌಲಭ್ಯಕ್ಕೆ ಮಾತ್ರ ಯಾರೂ ಕೈ ಹಚ್ಚಲಿಲ್ಲ.

ನಮ್ಮ ಲೇಔಟಿನಲ್ಲೂ ಇಂಥ ಗಾಡಿಯವರೊಬ್ಬರಿದ್ದಾರೆ. ಕಪ್ಪು ಗಾಡಿ. ಮೂತಿಯ ಪಕ್ಕದಲ್ಲಿ ಆನೆ ಸೊಂಡಿಲು ಎತ್ತಿದ ಹಾಗೆ ಸ್ನಾರ್ಕೆಲ್, ಅಂದರೆ ನೀರಿಗಿಳಿದಾಗ ಎಂಜಿನ್ನಿಗೆ ಮೇಲಿನಿಂದ ಗಾಳಿ ಎಳೆಯುವ ಕೊಳವೆ, ಮುಂದೆ ಹೂತ ಗಾಡಿ ಎಳೆಯುವ ವಿಂಚು, ಹಿಂದೆ ಏಣಿ, ಚಾವಣಿಯ ಮೇಲೆ ಎಲ್‌ಇಡಿ ಲೈಟಿನ ಸಾಲು, ಪಕ್ಕಕ್ಕೆ ಕಟ್ಟಿದ ಹಸಿರು ಜೆರ್ರಿ ಕ್ಯಾನು. ಮೂತಿಯ ಮುಂದೆ ಕಬ್ಬಿಣದ ಬುಲ್ ಬಾರ್ ಹಾಕಬಾರದು ಅಂತ ಕೇಂದ್ರ ಸರ್ಕಾರ 2017ರಲ್ಲೇ ಸುತ್ತೋಲೆ ಹೊರಡಿಸಿದೆ, ಅದೂ ಇದೆ. ಕ್ಯಾನಿನಲ್ಲಿ ಡೀಸೆಲ್ ಇಲ್ಲ, ಮುಚ್ಚಳದ ಮೇಲೆ ಬೆಲೆಯ ಚೀಟಿ ಇನ್ನೂ ಅಂಟಿಕೊಂಡೇ ಇದೆ. ಈ ಏಣಿ ಹತ್ತಿದ್ದನ್ನು ನಾನು ನೋಡಿದ್ದು ಒಂದು ಬೆಕ್ಕನ್ನು ಮಾತ್ರ.

ಒಮ್ಮೆ ಮೆಟ್ರೊವರೆಗೆ ಬಿಡುತ್ತೇನೆ ಬನ್ನಿ ಸರ್ ಅಂತ ಹತ್ತಿಸಿಕೊಂಡರು. ಡ್ಯಾಶ್‌ಬೋರ್ಡಿನ ಪರದೆಯಲ್ಲಿ ಗಾಡಿಯ ಚಿತ್ರ, ಎಷ್ಟು ಡಿಗ್ರಿ ವಾಲಿದೆ, ಎಷ್ಟು ಡಿಗ್ರಿ ಮೂತಿ ಎತ್ತಿದೆ ಅನ್ನುವ ಲೆಕ್ಕ. ಶಾಲೆಯ ಮುಂದಿನ ಹಂಪ್ ಬಂತು. ಯಜಮಾನರು ಬ್ರೇಕ್ ಹಿಡಿದು, ಒಂದೊಂದೇ ಚಕ್ರವನ್ನು ಹಸುಗೂಸಿನಂತೆ ಇಳಿಸಿದರು. ಹಿಂದಿನಿಂದ ಆಟೋದವನು ಹಾರ್ನ್ ಹೊಡೆದು ಹೊಡೆದು ಸಾಕಾಗಿ, ಎಡಕ್ಕೆ ತಿರುಗಿಸಿ, ಫುಟ್‌ಪಾತ್ ಹತ್ತಿ ಇಳಿದು ಮುಂದೆ ಹೋದ. ಮೂರು ಚಕ್ರದ ಗಾಡಿ, ಪರದೆಯೂ ಇಲ್ಲ, ಡಿಗ್ರಿಯೂ ಇಲ್ಲ.

ಬೆಂಗಳೂರಿನ ನಿಜವಾದ ಆಫ್‌ರೋಡ್ ಗಾಡಿ ಯಾವುದು ಅಂತ 2022ರ ಸೆಪ್ಟೆಂಬರ್ ಮಳೆಯಲ್ಲೇ ತೀರ್ಮಾನವಾಗಿದೆ ಬಿಡಿ. ಕೋಟಿಯ ಕಾರುಗಳು ವಿಲ್ಲಾಗಳ ಅಂಗಳದಲ್ಲಿ ತೇಲುತ್ತಿದ್ದಾಗ, ಯಮಲೂರಿನ ಕಡೆ ಲ್ಯಾಪ್‌ಟಾಪ್ ಬ್ಯಾಗನ್ನು ಎದೆಗವಚಿಕೊಂಡವರನ್ನು ಆಫೀಸಿಗೆ ಮುಟ್ಟಿಸಿದ್ದು ಟ್ರಾಕ್ಟರ್. ತಲೆಗೆ ಐವತ್ತು ರೂಪಾಯಿ. ಬುಕಿಂಗ್ ಇಲ್ಲ, ವೇಟಿಂಗ್ ಪೀರಿಯಡ್ ಇಲ್ಲ.

ಹೀಗೆ ಹೇಳಿದರೆ ಅಭಿಮಾನಿಗಳಿಗೆ ಸಿಟ್ಟು. ವಾರಾಂತ್ಯಕ್ಕೆ ಗುಡ್ಡಕ್ಕೆ ಹೋಗ್ತೀವಲ್ಲ, ಅಲ್ಲಿ ಬಂದು ನೋಡಿ ಅಂತಾರೆ. ಅಲ್ಲೂ ನೋಡಿದ್ದೇನೆ. ಸಂಪೇಕಟ್ಟೆ, ನಿಟ್ಟೂರು ಕಡೆಯ ಒಂದು ಮಣ್ಣಿನ ಏರು, ಹನಿಮಳೆ. ಹೊಚ್ಚ ಹೊಸ ಥಾರಿನ ಹಿಂದಿನ ಚಕ್ರಗಳು ಇದ್ದಲ್ಲೇ ಗಿರಗಿರ ತಿರುಗಿ ಕೆಸರೆರಚುತ್ತಿವೆ. ಕೊಡಚಾದ್ರಿಗೆ ಜನ ಹೊಡೆಯುವ ಬಾಡಿಗೆ ಜೀಪಿನವರೊಬ್ಬರು ಇಳಿದು ಬಂದರು. ಎತ್ತಿ ಕಟ್ಟಿದ ಲುಂಗಿ, ತಲೆಗೆ ಟವೆಲ್ಲು.

‘ಫೋರ್ ಬೈ ಫೋರ್ ಹಾಕಿ ಮಾರಾಯ್ರೆ.’

‘ಇದಕ್ಕಿಲ್ಲ ಅಣ್ಣ.’

‘ಎಂತ ಇಲ್ಲ?’

‘ಫೋರ್ ಬೈ ಫೋರ್.’

ಅವರು ಗಾಡಿಯನ್ನೊಂದು ಸುತ್ತು ಹಾಕಿ ಬಂದರು. ದಪ್ಪ ಟಯರು ನೋಡಿದರು, ಸ್ನಾರ್ಕೆಲ್ ನೋಡಿದರು. ಏನೂ ಹೇಳಲಿಲ್ಲ. 2023ರ ಜನವರಿಯಿಂದ ನಾಲ್ಕೂ ಚಕ್ರಕ್ಕಲ್ಲದೆ ಹಿಂದಿನ ಎರಡು ಚಕ್ರಕ್ಕಷ್ಟೇ ಶಕ್ತಿ ಹೋಗುವ ಥಾರೂ ಬರುತ್ತಿದೆ, ನಾಲ್ಕು ಮೀಟರಿನೊಳಗಿನ ಉದ್ದ, ಒಂದೂವರೆ ಲೀಟರಿನ ಡೀಸೆಲ್ ಎಂಜಿನ್, ತೆರಿಗೆ ಕಮ್ಮಿ ಅನ್ನೋದೆಲ್ಲ ಅವರಿಗೆ ಯಾರು ಹೇಳಬೇಕು? ತಮ್ಮ ಹಳೇ ಜೀಪಿನ ಸೀಟಿನಡಿಯಿಂದ ಹಗ್ಗ ತೆಗೆದು ಕಟ್ಟಿ ಎಳೆದರು. ಆ ಜೀಪಿನ ಹಿಂದಿನ ಟಯರಿಗೆ ಕಬ್ಬಿಣದ ಚೈನು ಸುತ್ತಿತ್ತು. ಮಲೆನಾಡಿನಲ್ಲಿ ಮಳೆಗಾಲಕ್ಕೆ ಎಸ್ಟೇಟ್ ಪಿಕಪ್ಪಿಗೂ ಹೀಗೇ ಚೈನು ಕಟ್ಟೋದು. ಅದಕ್ಕೆ ಸ್ಟಿಕರ್ ಬರೋದಿಲ್ಲ. ಮೇಲಕ್ಕೆ ಬಂದ ಹುಡುಗ ಮೊದಲು ಮಾಡಿದ ಕೆಲಸ, ಹಗ್ಗ ಕಾಣದ ಹಾಗೆ ಗಾಡಿಯ ಮುಂದೆ ನಿಂತು ವಿಡಿಯೊ.

ಇಲ್ಲಿಯವರೆಗೆ ತಮಾಷೆ.

ಏರು ರಸ್ತೆ ಬಿಟ್ಟು ಹುಲ್ಲಿಗೆ ಹತ್ತಿಸುವವರನ್ನು ಕಂಡರೆ ನನಗೆ ನಗು ಬರೋದಿಲ್ಲ. ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟಸಾಲಿನ ಹುಲ್ಲು ಖಾಲಿ ಜಾಗ ಅಲ್ಲ. ಬೆಟ್ಟದ ಮಡಿಲುಗಳಲ್ಲಿ ಬೆಳೆಯುವ ಶೋಲಾ ಕಾಡಿನ ಜೋಡಿ ಅದು, ಸುರಿದ ಮಳೆಯನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ಹಳ್ಳಕ್ಕೆ ಬಿಡೋದು ಅದೇ, 12 ವರ್ಷಕ್ಕೊಮ್ಮೆ ಕುರಿಂಜಿ ಹೂ ಅರಳೋದೂ ಅಲ್ಲೇ. ಟಯರು ಒಮ್ಮೆ ಹುಲ್ಲಿನ ಹೊದಿಕೆ ಸೀಳಿದರೆ ಮಳೆನೀರಿಗೆ ದಾರಿ ಸಿಕ್ಕಿತು. ಮುಂದಿನ ವರ್ಷ ಆ ಗೆರೆ ಕೊರಕಲು, ಅದರ ಮುಂದಿನ ವರ್ಷ ಮಣ್ಣು ಕೆಳಗಿನ ಯಾರದೋ ಗದ್ದೆಯಲ್ಲಿ. ಮುಳ್ಳಯ್ಯನಗಿರಿಗೆ ಇಷ್ಟೇ ಗಾಡಿ ಅಂತ ಆನ್‌ಲೈನ್ ಬುಕಿಂಗ್ ತಂದಾಗ ಗೋಳಾಡಿದವರೂ ಇವರೇ. 1,930 ಮೀಟರ್ ಎತ್ತರದ ಬೆಟ್ಟಕ್ಕೆ ಇವರ ಗಾಡಿ ಹೋಗಲೇಬೇಕಂತೆ, ನೇಚರ್ ಲವರ್ಸ್ ಅಲ್ಲವೇ.

ಅದೇ ಬೆಟ್ಟಗಳ ಸೆರಗಿನಲ್ಲಿ, ಅತ್ತ ಮಲೆ ಮಹದೇಶ್ವರ ಬೆಟ್ಟದ ಕಾಡಿನೊಳಗೆ, ರಸ್ತೆಯೇ ಇಲ್ಲದ ಹಳ್ಳಿಗಳಿವೆ. ಪ್ರತಿ ಮಳೆಗಾಲದಲ್ಲಿ ಪತ್ರಿಕೆಯಲ್ಲಿ ಒಂದೇ ಫೋಟೊ: ಬಿದಿರಿಗೆ ಕಂಬಳಿ ಕಟ್ಟಿ ಜೋಲಿ ಮಾಡಿ, ಬಸುರಿಯನ್ನೋ ಮುದುಕರನ್ನೋ ನಾಲ್ಕು ಜನ ಹೊತ್ತು ಹಳ್ಳ ದಾಟಿಸುತ್ತಿರುತ್ತಾರೆ. ರಸ್ತೆ ಕೇಳಿದರೆ ಅರಣ್ಯ ಕಾಯ್ದೆ, ಒಪ್ಪಿಗೆ ಬರಬೇಕು, ಕಡತ ಹೋಗಿದೆ. ಕಾಯ್ದೆ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಒಂದು ಕಲ್ಲು ಹಾಸೋಕೂ ಬಿಡದ ಕಾಯ್ದೆ, ಭಾನುವಾರ ಹುಲ್ಲು ಸೀಳುವ ಟಯರಿಗೆ ಯಾಕೆ ಅಡ್ಡ ಬರೋದಿಲ್ಲ? ಆ ಊರುಗಳಿಗೆ ಇರೋದು ಅದೇ ಬಾಡಿಗೆ ಜೀಪು. ಸಂತೆ ದಿನ ಒಳಗೆ ಹನ್ನೆರಡು ಜನ, ಹಿಂದೆ ಜೋತುಬಿದ್ದವರು ಬೇರೆ. ಪೇಟೆ ಗಡಿಯಲ್ಲಿ ಪೊಲೀಸರು ಕೈ ಅಡ್ಡ ಹಾಕಿ ಓವರ್‌ಲೋಡ್ ಅಂತ ದಂಡದ ರಸೀದಿ ಹರಿಯೋದು ಆ ಜೀಪಿನವನಿಗೇ. ಅವನ ಹಿಂದೆ ನಿಂತ ಬುಲ್ ಬಾರಿನ ಗಾಡಿಗೆ ಕೈ ಬೀಸಿ, ಹೋಗಿ ಸರ್, ಹೋಗಿ ಅಂತಾರೆ.